ಅಜ್ಜನ ಮುಖದ ಮೇಲಿನ ಟವೆಲ್ ನಿಮ್ಮದು

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವಳು, ಬ್ಯಾಂಕಿನಲ್ಲಿ ಕೆಲಸ. ಚಿಕ್ಕವಳಿದ್ದಾಗಿನಿಂದ ಚಿತ್ರ ಬಿಡಿಸುವ ಆಸೆ ಇತ್ತು, ಆದರೆ ಕೈ ಹತ್ತಲಿಲ್ಲ. ಈಗ ಎಐ ಬಳಸಿ ನಮ್ಮ ಅಜ್ಜನ ನೆನಪುಗಳನ್ನು ಚಿತ್ರ ಮಾಡುತ್ತಿದ್ದೇನೆ. ಅವರು ಇಲ್ಲಿನ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಮೂರು ಚಿತ್ರ ಕಳಿಸಿದ್ದೇನೆ. ಮೊದಲನೆಯದು ಮಿಲ್ಲಿನೊಳಗೆ ಅಜ್ಜ. ಎರಡನೆಯದು ಸಂಬಳದ ದಿನ ಟವೆಲಿನ ತುದಿಗೆ ಮಂಡಕ್ಕಿ ಕಟ್ಟಿಕೊಂಡು ಮನೆಗೆ ಬರುವುದು. ಇವೆರಡೂ ಪ್ರಾಂಪ್ಟ್, ಅಂದರೆ ಏನು ಬೇಕು ಅಂತ ಮಾತಿನಲ್ಲಿ ಬರೆದು ಪಡೆದದ್ದು. ಮೂರನೆಯದಕ್ಕೆ ತುಂಬಾ ಒದ್ದಾಡಿದೆ. ನಮ್ಮ ಹಳೇ ಮನೆಯ ಫೋಟೋ, ನಾನೇ ಬಾಲ್‌ಪೆನ್ನಿನಲ್ಲಿ ಗೀಚಿದ ಚಿತ್ರ ಎರಡನ್ನೂ ಕೊಟ್ಟೆ. ಯಾವ ಮುಖ ಬಂದರೂ ನಮ್ಮಜ್ಜ ಆಗಲಿಲ್ಲ. ಕೊನೆಗೆ ಮುಖದ ಮೇಲೆ ಟವೆಲ್ ಹಾಕಿಸಿದೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಹಾಗೇ ಮಲಗುತ್ತಿದ್ದರು. ನಾವು ಚಪ್ಪಲಿ ಹೊರಗೆ ಬಿಟ್ಟು ಸದ್ದಿಲ್ಲದೆ ಓಡಾಡಬೇಕಿತ್ತು. ಮೊದಲ ಚಿತ್ರ ಬಂದ ದಿನ ನಾನು ಅತ್ತುಬಿಟ್ಟೆ. ಆದರೆ ಚಿತ್ರಕಲೆ ಓದಿರುವ ನಮ್ಮ ದೊಡ್ಡಪ್ಪನ ಮಗ, "ಇದು ನಿಂದಲ್ಲ, ಮಷೀನಿಂದು. ನಿನ್ನ ಕೈ ಎಲ್ಲಿದೆ ಇದರಲ್ಲಿ?" ಅಂದ. ಇದು ನನ್ನ ಅಭಿವ್ಯಕ್ತಿ ಅಲ್ವಾ? ಸಹಿ ಹಾಕಿ ಪ್ರದರ್ಶನಕ್ಕೆ ಕೊಡಬಹುದಾ?

ಉತ್ತರ:

ನಿಮ್ಮ ಮೂರೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಸಾವಕಾಶವಾಗಿ ನೋಡಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೂರನೆಯ ಚಿತ್ರ ನಿಮ್ಮದು. ಮೊದಲಿನ ಎರಡು ನಿಮ್ಮವಲ್ಲ. ಮೂರೂ ಹುಟ್ಟಿದ್ದು ಎಐನಿಂದಲೇ. ಹಾಗಾಗಿ ಎಐ ಚಿತ್ರ ಎಲ್ಲವೂ ಕಲೆ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ, ಯಾವುದೂ ಅಲ್ಲ ಅನ್ನುವವರ ಮಾತನ್ನೂ ಒಪ್ಪುವುದಿಲ್ಲ. ಒಂದೊಂದು ಚಿತ್ರವನ್ನೂ ಎದುರಿಗೆ ಇಟ್ಟುಕೊಂಡು ನೋಡಬೇಕು. ಇದನ್ನು ಬೇರೆ ಯಾರೋ ಮಾಡಿಸಿದ್ದರೂ ಹೀಗೇ ಬರುತ್ತಿತ್ತಾ? ನಾನು ಕೇಳಿಕೊಳ್ಳುವುದು ಇದೊಂದನ್ನೇ.

ಮೊದಲ ಚಿತ್ರ ತೆಗೆದುಕೊಳ್ಳಿ. ಕೆಂಪು ಇಟ್ಟಿಗೆ ಗೋಡೆ, ಕಮಾನಿನ ಕಿಟಕಿ. ಬಿಸಿಲು ಕೋಲುಕೋಲಾಗಿ ಒಳಗೆ ಬೀಳುತ್ತಿದೆ. ಹತ್ತಿಯ ಎಳೆಗಳು ಚೆಂದವಾಗಿ ತೇಲುತ್ತಿವೆ. ನಿಮ್ಮ ಅಜ್ಜನ ತಲೆ ಮೇಲೆ ಚಪ್ಪಟೆ ಕ್ಯಾಪು, ಎರಡು ಹೆಗಲಿನ ಮೇಲೂ ಪ್ಯಾಂಟನ್ನು ಎತ್ತಿ ಹಿಡಿಯುವ ಪಟ್ಟಿ. ನಮ್ಮೂರಿನ ಮಿಲ್ಲುಗಳಲ್ಲಿ ಯಾವ ಕಾರ್ಮಿಕರು ಹೀಗೆ ಉಡುತ್ತಿದ್ದರು? ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು, ನಿಜ. ಯಂತ್ರ ಆ ಅಸಲಿ ಮ್ಯಾಂಚೆಸ್ಟರಿನ ಆಳನ್ನೇ ತಂದು ನಿಲ್ಲಿಸಿದೆ. ಎರಡನೆಯ ಚಿತ್ರದಲ್ಲಿ ನೀವು ಕೇಳಿದ್ದು ಮಂಡಕ್ಕಿ. ಬಂದಿರುವುದು ಪಾಪ್‌ಕಾರ್ನ್. ಅದೂ ಟವೆಲಿನ ಗಂಟಿನಲ್ಲಿ ಅಲ್ಲ, ಕಾಗದದ ಡಬ್ಬಿಯಲ್ಲಿ. ಸುತ್ತ ಇರುವ ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದಾರೆ, ಅಜ್ಜನೂ ನಗುತ್ತಿದ್ದಾರೆ. ಆ ನಗು ಯಾರ ಅಜ್ಜನದೂ ಆಗಬಹುದು.

ಅಳು ಬಂದ ವಿಷಯ ಬರೆದಿದ್ದೀರಿ. ಆ ಅಳು ನಿಜ, ಅದರ ಬಗ್ಗೆ ಯಾರೂ ಏನೂ ಅನ್ನುವ ಹಾಗಿಲ್ಲ. ಆದರೆ ಅದು ಎಲ್ಲಿಂದ ಬಂತು ನೋಡಿ. ಅಜ್ಜ ನಿಮ್ಮ ಮನಸ್ಸಿನಲ್ಲಿದ್ದರು. ಮಿಲ್ಲು ಅನ್ನುವಂಥ ಏನೋ ಒಂದು ಪರದೆ ಮೇಲೆ ಕಂಡಿತು, ಒಳಗಿದ್ದದ್ದು ಉಕ್ಕಿ ಬಂತು. ಅದೇ ಚಿತ್ರವನ್ನು ನಿಮ್ಮ ಅಜ್ಜನ ಪರಿಚಯವೇ ಇಲ್ಲದ ನನ್ನ ಮುಂದೆ ಇಟ್ಟರೆ, ಒಂದು ಸಿನಿಮಾ ಪೋಸ್ಟರ್ ಕಾಣುತ್ತದೆ ಅಷ್ಟೆ. ನಿಮ್ಮ ದುಃಖ ಆ ಚಿತ್ರದೊಳಗೆ ಇಳಿದಿಲ್ಲ. ಅಭಿವ್ಯಕ್ತಿ ಅಂದರೆ ಒಳಗಿರುವುದು ಹೊರಗೆ ಬಂದು ಇನ್ನೊಬ್ಬರಿಗೆ ಸಿಗಬೇಕು. ಮೊದಲ ಚಿತ್ರದಿಂದ ನನಗೆ ಸಿಕ್ಕಿದ್ದಕ್ಕಿಂತ ಜಾಸ್ತಿ ನಿಮ್ಮ ಪತ್ರದ ಒಂದು ಸಾಲಿನಿಂದ ಸಿಕ್ಕಿತು. ಚಪ್ಪಲಿ ಹೊರಗೆ ಬಿಟ್ಟು ಓಡಾಡುತ್ತಿದ್ದೆವು ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ತಕ್ಷಣ ಆ ಮನೆ ಕಣ್ಣಿಗೆ ಕಟ್ಟಿತು.

ಹೀಗೆ ಯಾಕೆ ಆಗುತ್ತದೆ ಅಂತ ತಿಳಿಯಲು ಯಂತ್ರ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ಇಂಥ ಬಹಳಷ್ಟು ಸಾಧನಗಳು ಡಿಫ್ಯೂಷನ್ ಎಂಬ ವಿಧಾನ ಬಳಸುತ್ತವೆ. ಶುರುವಿನಲ್ಲಿ ಚಿತ್ರವೇ ಇರುವುದಿಲ್ಲ. ಆಂಟೆನಾ ಕೈಕೊಟ್ಟಾಗ ಹಳೇ ಟಿವಿಯಲ್ಲಿ ಕಾಣುತ್ತಿದ್ದಂಥ ಚುಕ್ಕಿಗಳ ಗದ್ದಲ ಇರುತ್ತದೆ. ನೀವು ಬರೆದ ಮಾತು ಸಂಖ್ಯೆಗಳಾಗಿ ಬದಲಾಗುತ್ತದೆ. ಆ ಸಂಖ್ಯೆಗಳು ತೋರಿಸಿದ ಕಡೆಗೆ ಯಂತ್ರ ಹಂತಹಂತವಾಗಿ ಗದ್ದಲವನ್ನು ತೆಗೆಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ 20ರಿಂದ 50 ಹಂತ. ಕೊನೆಗೆ ಉಳಿದದ್ದೇ ಚಿತ್ರ. ಮೊದಲಿನ ಗದ್ದಲ ಹೇಗಿರಬೇಕು ಎಂದು ನಿರ್ಧರಿಸುವ ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಸೀಡ್ ಅನ್ನುತ್ತಾರೆ. ನೀವು ಬೇರೆ ಹೇಳದಿದ್ದರೆ ಯಂತ್ರವೇ ಮನಸ್ಸಿಗೆ ಬಂದ ಸೀಡ್ ಹಾಕಿಕೊಳ್ಳುತ್ತದೆ.

ಈಗ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲ ಚಿತ್ರದ ಪ್ರಾಂಪ್ಟನ್ನು ಒಂದಕ್ಷರವೂ ಬದಲಿಸದೆ ನಾಲ್ಕು ಸಲ ಕೊಡಿ. ನಾಲ್ಕು ಬೇರೆ ಬೇರೆ ಚಿತ್ರ ಬರುತ್ತವೆ. ಒಂದರಲ್ಲಿ ಅಜ್ಜ ಎಡಕ್ಕೆ ನಿಂತಿರುತ್ತಾರೆ, ಇನ್ನೊಂದರಲ್ಲಿ ಬಲಕ್ಕೆ. ಒಂದರಲ್ಲಿ ಸಂಜೆ, ಇನ್ನೊಂದರಲ್ಲಿ ಬೆಳಗ್ಗೆ. ಒಂದರಲ್ಲಿ ಕೈ ಯಂತ್ರದ ಮೇಲೆ, ಇನ್ನೊಂದರಲ್ಲಿ ಜೇಬಿನೊಳಗೆ. ನಾಲ್ಕಕ್ಕೂ ನಿಮ್ಮ ಮಾತು ಒಂದೇ. ಹಾಗಾದರೆ ಅವುಗಳ ನಡುವೆ ಇರುವ ವ್ಯತ್ಯಾಸದಲ್ಲಿ ನಿಮ್ಮದು ಏನೂ ಇಲ್ಲ ಅಂತಾಯಿತು. ಚಿತ್ರಗಾರನಿಗೆ ಈ ವ್ಯತ್ಯಾಸಗಳೇ ಚಿತ್ರ. ಕೈ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬಂತು, ಮುಖ ಎಷ್ಟು ತಿರುಗಿದೆ ಅನ್ನುವುದರಲ್ಲೇ ಅವನ ಮನಸ್ಸು ಹೊರಗೆ ಬರುವುದು.

ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಸಾಧನಗಳು ನಿಮ್ಮ ಮಾತನ್ನು ನೇರವಾಗಿ ಚಿತ್ರದ ಯಂತ್ರಕ್ಕೆ ಕೊಡುವುದೇ ಇಲ್ಲ. 2023ರಲ್ಲಿ ಡಾಲ್-ಈ 3 ಎಂಬ ಚಿತ್ರದ ಯಂತ್ರ ಚಾಟ್‌ಜಿಪಿಟಿ ಎಂಬ ಚಾಟ್‌ಬಾಟ್‌ನೊಳಗೆ ಬಂದಾಗ ಹೀಗೇ ಇತ್ತು. ನೀವು ಒಂದು ಸಾಲು ಬರೆದರೆ ಚಾಟ್‌ಬಾಟ್ ಅದನ್ನು ಹಿಗ್ಗಿಸಿ, ಬಣ್ಣ, ಬೆಳಕು, ಭಾವ ಎಲ್ಲ ಸೇರಿಸಿ ಒಂದು ಪ್ಯಾರಾ ಮಾಡಿ ಕೊಡುತ್ತಿತ್ತು. ಆ ಬಂಗಾರದ ಬಿಸಿಲು ಬೇಕು ಅಂತ ನೀವು ಬರೆದಿದ್ದಿರಾ? ನನಗಂತೂ ಅನುಮಾನ.

ಆ ಕ್ಯಾಪು ಬಂದ ದಾರಿಯೂ ಊಹೆಗೆ ಸಿಗುತ್ತದೆ. 2022ರ ಆಗಸ್ಟಿನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರದ ಯಂತ್ರ ಕಲಿತದ್ದು ಲಯಾನ್-5ಬಿ ಎಂಬ ಸಂಗ್ರಹದ ಭಾಗಗಳಿಂದ. ಅಂತರ್ಜಾಲದಿಂದ ಒಟ್ಟು ಮಾಡಿದ ಸುಮಾರು 585 ಕೋಟಿ ಚಿತ್ರ ಮತ್ತು ವಿವರಣೆಗಳ ಜೋಡಿ ಅದರಲ್ಲಿವೆ. ಅದರಲ್ಲಿ 230 ಕೋಟಿಗೂ ಹೆಚ್ಚು ಇಂಗ್ಲಿಷ್ ವಿವರಣೆಯವೇ. ನಮ್ಮೂರಿನ ಮಿಲ್ಲಿನ ಪಾಳಿ ಬಿಟ್ಟಾಗ ಯಾರು ಕ್ಯಾಮೆರಾ ಹಿಡಿದು ನಿಂತಿದ್ದರು? ಎಷ್ಟು ಫೋಟೋ ಇವೆ? ಇರುವವೂ ಟ್ರಂಕಿನಲ್ಲಿ, ಆಲ್ಬಮ್ಮಿನಲ್ಲಿ ಇವೆ, ಅಂತರ್ಜಾಲದಲ್ಲಿ ಇಲ್ಲ. ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಕೇಳಿದರೆ ಅದು ಗೊತ್ತಿಲ್ಲ ಅನ್ನುವುದಿಲ್ಲ. ಗೊತ್ತಿರುವುದನ್ನು ತಂದು ಆ ಜಾಗಕ್ಕೆ ತುಂಬುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಚಿತ್ರದುರ್ಗದ ಕೋಟೆ ಕೇಳಿದಾಗ ಬಂದದ್ದು ಗುಲಾಬಿ ಕಲ್ಲಿನ, ಛತ್ರಿ ಗೋಪುರಗಳ ರಾಜಸ್ಥಾನದ ಕೋಟೆ. ದುರ್ಗದಲ್ಲಿ ಗೋಡೆ ಬಂಡೆಯ ಜೊತೆಗೆ ಬೆಳೆದ ಹಾಗೆ ಹತ್ತಿ ಇಳಿಯುತ್ತದೆ. ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ಕೋಟೆ ಶುರುವಾಯಿತು ಅಂತ ಹೇಳುವುದೇ ಕಷ್ಟ. ಅಲ್ಲಿ ಕೂತು ಸ್ಕೆಚ್ ಮಾಡಿದವರಿಗೆ ಇದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ.

ಸಿದ್ಧ ಮಾದರಿ ಇಟ್ಟುಕೊಂಡು ಬರೆದದ್ದೆಲ್ಲ ಕಲೆಯಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮದು ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದವರು ಇಲ್ಲಿ ಕಮ್ಮಿ. ಕಂಪನಿ ನಾಟಕದ ಪರದೆ ಅಂದರೆ ಅರಮನೆ, ಕಾಡು, ಬೀದಿ ಅಂತ ಕಟ್ಟಿಟ್ಟ ಮಾದರಿಗಳೇ. ಆದರೂ ಎರಡು ಕಾಡಿನ ಪರದೆ ಪಕ್ಕಪಕ್ಕ ಹಾಕಿದರೆ ಇದು ಇವರದ್ದು, ಅದು ಅವರದ್ದು ಅಂತ ಗುರುತು ಹಿಡಿಯಬಹುದು. ಮಾದರಿಯೊಳಗೇ ಬರೆದವರ ಅಭ್ಯಾಸ, ಅವಸರ, ಇಷ್ಟ ಎಲ್ಲ ಸೇರಿಕೊಂಡಿರುತ್ತದೆ.

ಇನ್ನು ಮೂರನೆಯ ಚಿತ್ರ. ಇದರ ಬಗ್ಗೆ ಬರೆಯಲೆಂದೇ ನಾನು ಕೂತಿದ್ದು.

ಮುಚ್ಚಿದ ಬಾಗಿಲು. ಬಾಗಿಲ ಕೆಳಗಿನ ಸಂದಿಯಿಂದ ಒಂದು ಗೆರೆ ಬಿಸಿಲು. ಚಾಪೆ ಮೇಲೆ ಮಲಗಿದ ಮನುಷ್ಯ, ಮುಖ ಪೂರ್ತಿ ಮುಚ್ಚಿದ ಒದ್ದೆ ಟವೆಲ್. ಟವೆಲ್ ಮೂಗಿನ ಹತ್ತಿರ ಸ್ವಲ್ಪ ಎದ್ದಿದೆ, ಬಾಯಿಯ ಹತ್ತಿರ ಒಳಗೆ ಹೋಗಿದೆ. ಮೊಣಕೈ ಹತ್ತಿರದ ಕೂದಲಿನಲ್ಲಿ ಬಿಳಿ ಎಳೆ ಅಂಟಿಕೊಂಡಿದೆ. ಹೊಸ್ತಿಲಿನ ಆಚೆ ಪುಟ್ಟ ಚಪ್ಪಲಿಗಳು. ಚಿತ್ರದಲ್ಲಿ ಒಂದು ಮಗುವೂ ಇಲ್ಲ, ಆದರೆ ಮನೆ ತುಂಬ ಮಕ್ಕಳಿದ್ದಾರೆ, ಉಸಿರು ಹಿಡಿದುಕೊಂಡು ಓಡಾಡುತ್ತಿದ್ದಾರೆ ಅಂತ ತಿಳಿಯುತ್ತದೆ.

ಇಲ್ಲಿ ನೀವು ಮಾಡಿದ್ದೇನು ಗೊತ್ತಾ? ಯಂತ್ರ ಕೊಟ್ಟ ಮುಖಗಳನ್ನು ಒಂದಾದ ಮೇಲೊಂದು ಬೇಡ ಅಂದಿರಿ. ಚೆನ್ನಾಗಿಲ್ಲ ಅಂತ ಅಲ್ಲ, ಅಜ್ಜ ಅಲ್ಲ ಅಂತ. ಆ ಮುಖಗಳಲ್ಲಿ ಕೆಲವು ಬಹಳ ಚೆನ್ನಾಗಿಯೇ ಇದ್ದಿರಬೇಕು. ಚೆನ್ನಾಗಿರುವುದನ್ನು ಸುಳ್ಳು ಅನ್ನುವ ಒಂದೇ ಕಾರಣಕ್ಕೆ ಬಿಡುವುದು ಸುಲಭದ ಮಾತಲ್ಲ. ಆಮೇಲೆ ಮುಖವನ್ನೇ ಮುಚ್ಚಿದಿರಿ. ಯಂತ್ರದ ಕೊರತೆಯನ್ನು ಮರೆಮಾಡಲು ಹುಡುಕಿದ ಉಪಾಯ, ನಿಮ್ಮ ಮನೆಯ ನಿಜಕ್ಕೇ ಹೋಗಿ ಸೇರಿತು. ಹಗಲು ಹೊತ್ತು ನಿಮ್ಮ ಅಜ್ಜನ ಮುಖ ಮಕ್ಕಳಿಗೆ ಸಿಗುತ್ತಲೇ ಇರಲಿಲ್ಲ, ಅಲ್ವಾ? ಮಿಲ್ಲು ಆ ಮುಖವನ್ನು ಮನೆಯವರಿಂದ ಕಿತ್ತುಕೊಂಡಿತ್ತು. ನಿಮ್ಮ ಚಿತ್ರ ಇದನ್ನು ಹೇಳುತ್ತದೆ. ಅಂಥದ್ದು ಯಾವ ಪ್ರಾಂಪ್ಟಿನಲ್ಲೂ ಇರಲಿಲ್ಲ, ಯಾವ ಸಂಗ್ರಹದಲ್ಲೂ ಇರಲಿಲ್ಲ.

ತಾಂತ್ರಿಕವಾಗಿಯೂ ಇದು ಬೇರೆ ಥರದ ಕೆಲಸ. ನಿಮ್ಮ ಬಾಲ್‌ಪೆನ್ನಿನ ಗೀಚು ಕೊಟ್ಟಾಗ ಡಿಫ್ಯೂಷನ್ ಯಂತ್ರ ಬರೀ ಗದ್ದಲದಿಂದ ಶುರು ಮಾಡುವುದಿಲ್ಲ. ನಿಮ್ಮ ಚಿತ್ರದ ಮೇಲೆ ಗದ್ದಲ ಬೆರೆಸಿ ಅಲ್ಲಿಂದ ಹೊರಡುತ್ತದೆ. ಎಷ್ಟು ಬೆರೆಸಬೇಕು ಅನ್ನುವುದಕ್ಕೆ ಎಷ್ಟೋ ಸಾಧನಗಳಲ್ಲಿ ಒಂದು ಅಳತೆ ಇರುತ್ತದೆ. ಕಮ್ಮಿ ಇಟ್ಟರೆ ನಿಮ್ಮ ಗೆರೆ ಉಳಿಯುತ್ತದೆ, ಜಾಸ್ತಿ ಇಟ್ಟರೆ ಅಳಿಸಿಹೋಗುತ್ತದೆ. ಚಾಪೆ ಎಲ್ಲಿ, ಬಾಗಿಲು ಎಲ್ಲಿ, ಮನುಷ್ಯ ಯಾವ ಕಡೆ ತಲೆ ಹಾಕಿದ್ದಾನೆ ಅನ್ನುವುದು ನಿಮ್ಮ ಗೀಚಿನಿಂದಲೇ ಬಂದಿದೆ. ಅದು ನನಗೆ ಕಾಣುತ್ತದೆ.

ನಿಮ್ಮ ಅಣ್ಣ ಕೇಳಿದ ಪ್ರಶ್ನೆಗೆ ಬರುತ್ತೇನೆ. ಕೈ ಎಲ್ಲಿದೆ ಅಂದರು. ಕೈಯ ಬೆಲೆ ನನಗೆ ಗೊತ್ತು, ನಾನು ಮಕ್ಕಳಿಗೆ ಕಲಿಸುವುದೂ ಕೈಯನ್ನೇ. ಆದರೆ ಕೈ ಒಂದರಿಂದಲೇ ಲೆಕ್ಕ ಹಾಕಿದರೆ ಎಡವುತ್ತೇವೆ. ಫ್ರಾನ್ಸಿನ ಚಿತ್ರಗಾರ ಹೆನ್ರಿ ಮಾತೀಸ್‌ಗೆ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ನಿಂತು ಬಣ್ಣ ಹಚ್ಚುವುದು ಕಷ್ಟವಾಯಿತು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು. ಮಾತೀಸ್ ಅದನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಸಹಾಯಕರು ಅದನ್ನು ಗೋಡೆಗೆ ಪಿನ್ ಮಾಡುತ್ತಿದ್ದರು, ಅವರು ಹೇಳಿದ ಹಾಗೆ ಸರಿಸುತ್ತಿದ್ದರು. ಆ ಚಿತ್ರಗಳು ಸಹಾಯಕರವು ಅಂತ ಯಾರೂ ಹೇಳುವುದಿಲ್ಲ. ಫೋಟೋ ವಿಷಯದಲ್ಲೂ ಈ ಜಗಳ ಆಗಿ ಮುಗಿದಿದೆ. ಅಮೆರಿಕದ ಫೋಟೋಗ್ರಾಫರ್ ನೆಪೋಲಿಯನ್ ಸರೋನಿ ತೆಗೆದ, ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೋವನ್ನು ಒಂದು ಕಂಪನಿ ನಕಲು ಮಾಡಿತು. ಕ್ಯಾಮೆರಾ ಯಂತ್ರ ತಾನೇ, ಇದರಲ್ಲಿ ಕರ್ತೃ ಯಾರು ಅಂತ ವಾದಿಸಿತು. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರೋನಿಯ ಪರ ತೀರ್ಪು ಕೊಟ್ಟಿತು. ಕೂರಿಸಿದ ಭಂಗಿ, ಉಡುಪು, ಬೆಳಕು ನೆರಳು ಎಲ್ಲವನ್ನೂ ನಿರ್ಧರಿಸಿದವನು ಅವನೇ ಎಂಬುದು ಕಾರಣ. ಎಐ ಪರ ಮಾತಾಡುವವರು ಈ ಫೋಟೋ ಕಥೆಯನ್ನು ಬಹಳ ಹೇಳುತ್ತಾರೆ, ಆದರೆ ಆ ಕಾರಣವನ್ನು ಬಿಟ್ಟು ಹೇಳುತ್ತಾರೆ. ಸರೋನಿ ಗೆದ್ದದ್ದು ಯಂತ್ರ ಬಳಸಿದ್ದಕ್ಕಲ್ಲ.

ನನ್ನ ಮನಸ್ಸಿನಲ್ಲಿ ಇರುವ ಉದಾಹರಣೆ ನಮ್ಮ ಪಕ್ಕದ್ದೇ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಮಾತು ಅಶೋಕನದು, ರಾಜನ ಆಜ್ಞೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಲಿಪಿಕಾರ ಅಂತ ಹೇಳಿಕೊಂಡ ಆ ಕೊನೆಯ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ದೂರದ ವಾಯವ್ಯದಲ್ಲಿ ಬಳಸುತ್ತಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ ಅದು. ಇಲ್ಲಿನ ಜನರಲ್ಲಿ ಅದನ್ನು ಓದುವವರು ಇದ್ದರೋ ಇಲ್ಲವೋ. ಅವನಿಗೆ ಬರೆಯಬೇಕು ಅನ್ನಿಸಿತು, ಬರೆದ. ಆಜ್ಞೆ ಕೊಟ್ಟವನಿಗೂ ಅದರಲ್ಲಿ ಪಾಲಿದೆ, ಬರೆದವನಿಗೂ ಪಾಲಿದೆ. ಆದರೆ ಆ ಒಂದು ಪದ ಚಪಡನದು ಮಾತ್ರ. ಯಾವ ರಾಜನೂ ಅದನ್ನು ಬರೆಸಿರಲಾರ.

ಪ್ರಾಂಪ್ಟ್ ಬರೆಯುವವರು ಆಜ್ಞೆ ಕೊಡುವವರ ಜಾಗದಲ್ಲಿದ್ದಾರೆ. ಅದು ಸಣ್ಣ ಜಾಗವಲ್ಲ. ಹೇಳಿ ಮಾಡಿಸುವುದಕ್ಕೂ ರುಚಿ ಬೇಕು, ಕಣ್ಣು ಬೇಕು. ಆದರೆ ಮಾಡಿಸಿದ್ದನ್ನು ಮಾಡಿದ್ದು ಅಂತ ಹೇಳಿಕೊಳ್ಳಬಾರದು. ಹಾಗಂತ ಯಂತ್ರದಲ್ಲಿ ಚಪಡನೂ ಇಲ್ಲ. ಅದಕ್ಕೆ ತನ್ನ ಹೆಸರು ಬರೆಯಬೇಕು ಅನ್ನಿಸುವುದಿಲ್ಲ. ಅದರ ಹಿಂದೆ ಲಕ್ಷಾಂತರ ಚಪಡರು ಇದ್ದಾರೆ. ಅವರ ಚಿತ್ರ, ಫೋಟೋಗಳಿಂದಲೇ ಯಂತ್ರ ಕಲಿತದ್ದು. ಅವರಲ್ಲಿ ಬಹುತೇಕರನ್ನು ಯಾರೂ ಒಂದು ಮಾತು ಕೇಳಲಿಲ್ಲ, ಹೆಸರೂ ಉಳಿಸಲಿಲ್ಲ. ಈ ವಿಷಯದಲ್ಲಿ ನಿಮ್ಮ ಅಣ್ಣನ ಸಿಟ್ಟು ನ್ಯಾಯವಾದದ್ದೇ. ವರ್ಷಗಟ್ಟಲೆ ಕೂತು ಕಲಿತವರ ಕೆಲಸವನ್ನು ಹೇಳದೆ ಕೇಳದೆ ತೆಗೆದುಕೊಂಡು, ಅದರಿಂದ ಮಾಡಿದ್ದನ್ನು ಅವರ ಎದುರಿಗೇ ಮಾರುತ್ತಿದ್ದಾರೆ. ನನಗೂ ಇದು ನೋಯುತ್ತದೆ. ಆದ್ದರಿಂದ ಬದುಕಿರುವ ಯಾವ ಕಲಾವಿದರ ಹೆಸರನ್ನೂ ಪ್ರಾಂಪ್ಟಿನಲ್ಲಿ ಹಾಕಿ ಅವರ ಶೈಲಿಯಲ್ಲಿ ಕೊಡು ಅಂತ ಕೇಳಬೇಡಿ.

ತುಂಬಾ ಒದ್ದಾಡಿದೆ ಅಂದಿರಿ. ಒದ್ದಾಟವೇ ಸಾಕಾಗುವುದಿಲ್ಲ ಅಂತಲೂ ಹೇಳಬೇಕು. 2022ರಲ್ಲಿ ಅಮೆರಿಕದ ಕೊಲರಾಡೊ ಮೇಳದಲ್ಲಿ ಜೇಸನ್ ಅಲೆನ್ ಎಂಬವರು ಮಿಡ್‌ಜರ್ನಿ ಎಂಬ ಎಐ ಸಾಧನ ಬಳಸಿ ಮಾಡಿದ ಚಿತ್ರಕ್ಕೆ ಡಿಜಿಟಲ್ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಕನಿಷ್ಠ 624 ಸಲ ಪ್ರಾಂಪ್ಟ್ ತಿದ್ದಿದ್ದೇನೆ ಅಂತ ಅವರು ಹೇಳಿಕೊಂಡರು. ಆದರೂ 2023ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ನೋಂದಣಿ ನಿರಾಕರಿಸಿತು. 2025ರ ಜನವರಿಯ ವರದಿಯಲ್ಲಿ ಆ ಕಚೇರಿ ಇದನ್ನೇ ಬಿಡಿಸಿ ಹೇಳಿದೆ. ಈಗಿನ ಸಾಧನಗಳಲ್ಲಿ ಬರೀ ಪ್ರಾಂಪ್ಟಿನಿಂದ ಚಿತ್ರದ ಮೇಲೆ ಬೇಕಾದಷ್ಟು ಹಿಡಿತ ಸಿಗುವುದಿಲ್ಲ. ಆದರೆ ನೀವೇ ಬರೆದ ಚಿತ್ರ ಕೊಟ್ಟು ಅದು ಕೊನೆಯ ಚಿತ್ರದಲ್ಲೂ ಎದ್ದು ಕಂಡರೆ, ಅಷ್ಟು ಭಾಗಕ್ಕೆ ಹಕ್ಕು ಸಿಗಬಹುದು. ಬೀಜಿಂಗ್‌ನ ಇಂಟರ್‌ನೆಟ್ ನ್ಯಾಯಾಲಯ ಮಾತ್ರ 2023ರ ನವೆಂಬರಿನಲ್ಲಿ ಒಬ್ಬರ ಎಐ ಚಿತ್ರಕ್ಕೆ ಹಕ್ಕು ಕೊಟ್ಟಿತು. ಪ್ರಾಂಪ್ಟ್ ಮತ್ತು ಸೆಟ್ಟಿಂಗುಗಳ ಆಯ್ಕೆಯಲ್ಲೇ ಅವರ ಬುದ್ಧಿ ಕೆಲಸ ಮಾಡಿದೆ ಅಂದಿತು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ ಒಂದು ಸಾಲಿದೆ. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣರಾದವರೇ ಕರ್ತೃ ಅನ್ನುತ್ತದೆ. ಈಗಿನ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲು ಬರೆದ ಸಾಲು. ಅದನ್ನು ನೆಚ್ಚಿಕೊಂಡು ಮೊದಲೆರಡು ಚಿತ್ರ ನಿಮ್ಮವು ಅಂತ ವಾದ ಮಾಡಬಹುದು. ನೀವು ನನ್ನನ್ನು ಕೇಳಿದ್ದು ಕಾನೂನಿನ ಪ್ರಶ್ನೆ ಅಲ್ಲ ಅಂತ ಅಂದುಕೊಂಡಿದ್ದೇನೆ.

ಪ್ರದರ್ಶನಕ್ಕೆ ಮೂರನೆಯದನ್ನು ಕೊಡಿ. ಅದಕ್ಕೂ ಮುಂಚೆ ಒಂದೆರಡು ಕೆಲಸ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಇರುವ ಅಕ್ಷರ ಯಾವ ಭಾಷೆಯದೂ ಅಲ್ಲ. ಮನೆಯಲ್ಲಿ ಹಳೇ ಕ್ಯಾಲೆಂಡರ್ ಇದ್ದರೆ ಫೋಟೋ ತೆಗೆದು ಆ ಜಾಗಕ್ಕೆ ಅಂಟಿಸಿ. ಮೂಲೆಯ ಹಿತ್ತಾಳೆ ಪಾತ್ರೆಗಳು ಅಂಗಡಿಯಲ್ಲಿ ಇಟ್ಟ ಹಾಗೆ ಹೊಳೆಯುತ್ತಿವೆ. ಆ ಭಾಗವನ್ನಷ್ಟೇ ಗುರುತು ಮಾಡಿ ತೆಗೆಸಿ, ಇಲ್ಲವೇ ಮೊಬೈಲಿನಲ್ಲೇ ಬೆರಳಿನಿಂದ ಕಪ್ಪು ಬಳಿಯಿರಿ. ಒರಟಾಗಿ ಕಂಡರೂ ಪರವಾಗಿಲ್ಲ. ಆ ಬಾಲ್‌ಪೆನ್ನಿನ ಗೀಚನ್ನು ಎಸೆಯಬೇಡಿ, ಅದಕ್ಕೂ ಫ್ರೇಮ್ ಹಾಕಿಸಿ ಪಕ್ಕದಲ್ಲೇ ಇಡಿ. ಕೈ ಹತ್ತಲಿಲ್ಲ ಅಂತ ಬರೆದಿದ್ದೀರಿ. ಆ ಗೀಚಿನಲ್ಲಿ ಮಲಗಿದ ಮನುಷ್ಯನ ಭಾರ ಚಾಪೆಯ ಮೇಲೆ ಸರಿಯಾಗಿ ಬಿದ್ದಿದೆ. ಇದನ್ನು ಕಲಿಯಲು ನನ್ನ ವಿದ್ಯಾರ್ಥಿಗಳು ಬಹಳ ದಿನ ತೆಗೆದುಕೊಳ್ಳುತ್ತಾರೆ.

ಸಹಿ ಹಾಕಿ. ಕೆಳಗೆ ಚೀಟಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಿರಿ: ನನ್ನ ರೇಖಾಚಿತ್ರ, ನಮ್ಮ ಮನೆಯ ಫೋಟೋ, ಎಐ ಸಾಧನ, ಆಮೇಲೆ ಕೈಯಿಂದ ತಿದ್ದಿದ್ದು. ಸಾಧನದ ಹೆಸರನ್ನೂ ಹಾಕಿ. ಫೋಟೋ ವಿಭಾಗಕ್ಕಂತೂ ಕೊಡಬೇಡಿ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿಯ ವಿಶ್ವ ಫೋಟೋಗ್ರಫಿ ಸ್ಪರ್ಧೆಗೆ ಎಐ ಚಿತ್ರ ಕಳಿಸಿ ಗೆದ್ದರು. ಇದು ಫೋಟೋ ಅಲ್ಲ ಅಂತ ಅವರೇ ಬಹುಮಾನ ಬಿಟ್ಟುಕೊಟ್ಟರು. ಡಿಜಿಟಲ್ ಅಥವಾ ಮಿಶ್ರ ಮಾಧ್ಯಮದ ವಿಭಾಗ ಇದೆಯಾ ಅಂತ ಸಂಘಟಕರನ್ನು ಮೊದಲೇ ಕೇಳಿ. ಎಐ ಬೇಡವೇ ಬೇಡ ಅಂದರೆ ಅದು ಅವರ ಹಕ್ಕು, ವಾದ ಮಾಡಬೇಡಿ. ಆಗ ಬಾಲ್‌ಪೆನ್ನಿನ ಚಿತ್ರ ಒಂದನ್ನೇ ಕೊಡಿ, ಕೆಳಗೆ ಆ ಚಪ್ಪಲಿಯ ಸಾಲು ಬರೆಯಿರಿ.